ಹಿನ್ನೆಲೆ ಸದ್ದು

ಅಲ್ಲಿ ಬೇಡ ಅಂದೆನಲ್ಲಮ್ಮ! ಸದ್ದು ಅಳೆಯೋ ಮೀಟರಿನ ಆ ಮೂರು ಕಾಲಿನ ಸ್ಟ್ಯಾಂಡು ಒಳಗಡೆ ಯಾಕೆ? ವರಾಂಡದಲ್ಲಿ ಇಡು, ಇಲ್ಲ ಗೇಟಿನ ಹತ್ರ ಇಡು. ಪೈಪ್‌ಲೈನಿನ ಯಂತ್ರ ಇರೋದು ಬೀದೀಲಿ, ನಮ್ಮ ಹಾಲ್‌ನಲ್ಲಲ್ಲ... ಏನು? ಜೋರಾಗಿ ಹೇಳು, ಈ ಗದ್ದಲದಲ್ಲಿ ಏನೂ ಕೇಳಿಸ್ತಿಲ್ಲ... ಮನೆಯೊಳಗಿನ ಸದ್ದೂ ಅಳೀಬೇಕಾ? ಕಿಟಕಿ ತೆರೆದು ಒಂದ್ಸಲ, ಮುಚ್ಚಿ ಒಂದ್ಸಲ? ಓಹೋ, ನಿಯಮ! ಭೇಷ್. ನಿಯಮ ಅಂದ್ಮೇಲೆ ಮುಗೀತಲ್ಲ, ಬಾ, ನೆಟ್ಟಗೆ ಅಡುಗೆಮನೆಗೇ ಬಂದುಬಿಡು. ಒಗ್ಗರಣೆ ಎಷ್ಟು ಸದ್ದು ಮಾಡುತ್ತೆ ಅಂತ ಅದನ್ನೂ ಬರ್ಕೋ.

ನಗ್ತೀಯಾ? ನಗು, ನಗು. ನಿನ್ನ ವಯಸ್ಸಿಗೆ ಎಲ್ಲ ತಮಾಷೆ. ಏಕವಚನದಲ್ಲಿ ಮಾತಾಡ್ತೀನಿ ಅಂತ ಬೇಜಾರಿಲ್ಲ ತಾನೆ? ನನ್ನ ಮಗಳ ವಯಸ್ಸಿನವಳು ನೀನು. ಅಂದ್ರೆ, ಮಗಳು ಅಂತ ಇದ್ದಿದ್ರೆ.

ನೋಡಮ್ಮ, ನಾನು ನೀರು ಸರಬರಾಜು ಇಲಾಖೇಲಿ ಎಂಜಿನಿಯರ್ ಆಗಿ ತಲೆ ಬೆಳ್ಳಗೆ ಮಾಡ್ಕೊಂಡೋನು. ಈ ಊರಿನ ಅರ್ಧ ಪೈಪು ನಾನು ನಿಂತು ಹೂಳಿಸಿದ್ದು. ಅವತ್ತು ಯಾರಾದ್ರೂ ಹೀಗೆ ಮಿರಮಿರ ಜಾಕೆಟ್ ಹಾಕ್ಕೊಂಡು ಬಂದು, ನಿಮ್ಮ ಗುದ್ದಲಿ ಎಷ್ಟು ಡೆಸಿಬಲ್ ಅಂತ ಕೇಳಿದ್ರಾ? ಬಂಡೆ ಸಿಕ್ಕಿದ್ರೆ ಸಿಡಿಮದ್ದು ಇಡ್ತಿದ್ವಿ. ಢಮ್! ಮುಗೀತು. ಜನ ಕಿವಿ ಮುಚ್ಕೊಂಡ್ರು, ನಲ್ಲೀಲಿ ನೀರು ಬಂತು, ಕೈಮುಗಿದ್ರು. ಈಗ? ಹಗಲು ಇಷ್ಟು ಮಿತಿ, ರಾತ್ರಿ ಇಷ್ಟು ಮಿತಿ, ಆಸ್ಪತ್ರೆ ಪಕ್ಕ ಇನ್ನೊಂದು ಮಿತಿ! ಈಗಿನೋರ ಕಿವಿ ಗಾಜಿಂದು ಮಾಡಿದಾರೇನೋ.

ಅದೇನದು, ಮೀಟರಿನ ತಲೆ ಮೇಲೆ ಕರೀ ಸ್ಪಂಜಿನ ಉಂಡೆ? ಗಾಳಿ ಸದ್ದು ಒಳಗೆ ಹೋಗದಿರ್ಲಿ ಅಂತ್ಲಾ? ಆಹಾ! ಪಾಪ, ಶೀತ ಆದ ಮಗೂಗೆ ಟೋಪಿ ಹಾಕಿದ ಹಾಗಿದೆ. ಇದಕ್ಕೂ ಒಂದು ಡಿಗ್ರಿ ಬೇಕಾ? ಬೇಕು ಬಿಡು. ಕೆಲಸ ಮಾಡೋಕೆ ಬರದೋರು ಅಳೆಯೋಕೆ ಕಲೀತಾರೆ.

ಮತ್ತೆ ಅದೇ ಪ್ರಶ್ನೆ! ಆಗಲೇ ಗೇಟಲ್ಲೇ ಹೇಳಿದೆ. ಈ ಸದ್ದಿನ ಬಗ್ಗೆ ನಿಮ್ಮ ಆಫೀಸಿಗೆ ದೂರು ಈ ಮನೆಯಿಂದ ಹೋಗಿಲ್ಲ. ವಿಳಾಸ ಈ ಮನೇದು ಕೊಟ್ಟಿದ್ರೆ ಏನಾಯ್ತು? ವಿಳಾಸ ಯಾರು ಬೇಕಾದ್ರೂ ಕೊಡಬಹುದು. ಫೋನಿನಲ್ಲಿ ಹೆಂಗಸಿನ ದನಿ? ಹಾಂ, ಅಲ್ಲಿಗೆ ಗೊತ್ತಾಯ್ತಲ್ಲ! ಪಕ್ಕದ ಮನೆ ಟೈಲರಮ್ಮ. ಇನ್ಯಾರು? ತಾನು ದಿನವಿಡೀ ಹೊಲಿಗೆ ಮಿಷಿನ್ನು ಟಕಟಕ ಅನ್ನಿಸ್ತಾ ಕೂತಿರ್ತಾಳೆ. ಅವಳಿಗೆ ಇನ್ನೊಬ್ಬರ ಯಂತ್ರ ಆಗಿಬರಲ್ಲ. ಗೋಡೆಗೆ ಕಿವಿ ಹಚ್ಚೋದು, ಕಾಂಪೌಂಡ್ ಮೇಲಿಂದ ಇಣುಕೋದು, ಅಕ್ಕ ಎಲ್ಲಿ, ಅಕ್ಕ ಕಾಣಿಸ್ತಿಲ್ಲ ಅಂತ ರಾಗ ಎಳೆಯೋದು. ಅಕ್ಕನಂತೆ! ಎಲ್ಲಿಂದ ಬಂತು ಈ ನೆಂಟಸ್ತನ? ಎರಡು ರವಿಕೆ ಹೊಲಿದು ಕೊಟ್ಟ ಮಾತ್ರಕ್ಕೆ?

ಇರಲಿ, ಏನಂದಳಂತೆ ಫೋನಿನಲ್ಲಿ? ನಿನಗೆ ಗೊತ್ತಿರುತ್ತಲ್ಲ. ಹೇಳು, ಕೇಳೋಣ... "ಈ ಯಂತ್ರ ಓಡ್ತಾ ಇದ್ರೆ ನಾನೆಷ್ಟು ಕೂಗಿದ್ರೂ ಯಾರಿಗೂ ಕೇಳಿಸಲ್ಲ"... ಅಷ್ಟೇನಾ? ಆಮೇಲೆ ಫೋನ್ ಕಟ್ಟಾಯ್ತಾ? ವಾಪಸ್ ಮಾಡಿದ್ರೆ ಸ್ವಿಚ್ ಆಫ್?

ಹ್ಹ! ಹ್ಹಹ್ಹ! ನೋಡಿದ್ಯಾ ಕಳ್ಳಬುದ್ಧಿ? ಕೂಗೋ ಅಂಥದ್ದೇನಿದೆಯಂತೆ ಅವಳಿಗೆ? ಲೋಕಕ್ಕೆ ಏನು ಸಾರಬೇಕಂತೆ? ಇಷ್ಟಕ್ಕೆ ನಿನ್ನನ್ನ ಅಲ್ಲಿಂದ ಇಲ್ಲಿಗೆ ಓಡಿಸಿದಾರೆ. ನಿಮ್ಮ ಆಫೀಸಿಗೆ ಬೇರೆ ಕೆಲಸ ಇಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಏನು ನೋಡ್ತಿದೀಯ? ಆ ಕನ್ನಡಕಾನಾ? ನಮ್ಮ ಮನೆಯವಳದ್ದು. ಮರೆತು ಬಿಟ್ಟುಹೋಗಿದಾಳೆ. ಊರಲ್ಲಿಲ್ಲ ಅವಳು, ತಂಗಿ ಮನೆಗೆ ಹೋಗಿದಾಳೆ. ಯಾವಾಗ ಬರ್ತಾಳೆ ಅನ್ನೋದೂ ನಿನ್ನ ಮೀಟರಿಗೆ ಬೇಕಾ? ಬರ್ತಾಳೆ. ಬುದ್ಧಿ ಬಂದಾಗ ಬರ್ತಾಳೆ.

ಅಲ್ಲ, ಅದೇನು ಮುಖ? ಚಪ್ಪಲಿ? ಬಾಗಿಲಲ್ಲಿರೋ ಚಪ್ಪಲೀನಾ? ಅಬ್ಬಬ್ಬ, ಸದ್ದು ಅಳೆಯೋಕೆ ಬಂದವಳು ಚಪ್ಪಲಿ ಎಣಿಸ್ತಿದೀಯಲ್ಲ! ಹೆಂಗಸರಿಗೆ ಒಂದೇ ಜೊತೆ ಇರುತ್ತಾ? ಹೊಸದು ಹಾಕ್ಕೊಂಡು ಹೋದಳು.

ಹೇಳಿಬಿಡ್ತೀನಿ ಕೇಳು, ಇಲ್ಲದಿದ್ರೆ ನೀನೂ ಆ ಟೈಲರಮ್ಮನ ಹಾಗೆ ಕಥೆ ಕಟ್ತೀಯ. ನಮ್ಮವಳಿಗೆ ಈ ವಯಸ್ಸಿನಲ್ಲಿ ಒಂದು ಹುಚ್ಚು ಹತ್ತಿದೆ. ಮದುವೆಗೆ ಮುಂಚೆ ಯಾವುದೋ ಶಾಲೇಲಿ ಮಕ್ಕಳಿಗೆ ಚಿತ್ರ ಬರೆಯೋದು ಹೇಳ್ಕೊಡ್ತಿದ್ಲು. ಚಿತ್ರ ಅಂದ್ರೆ ಏನು ಚಿತ್ರ! ಕುದುರೆ ಬರೆದ್ರೆ ಅದು ಕುದುರೇನೋ ಕುರ್ಚೀನೋ, ಕೆಳಗೆ ಹೆಸರು ಹಾಕಬೇಕು. ನಾನು ಬಿಡಿಸಿದೆ. ಎಂಜಿನಿಯರ್ ಹೆಂಡತಿಗೆ ಯಾಕೆ ಬೇಕು ಅದೆಲ್ಲ? ಇಷ್ಟು ಕಾಲ ಬಾಯಿ ಬಿಡಲಿಲ್ಲ. ಈಗ ನಾನು ರಿಟೈರ್ ಆಗಿ ಮನೇಲಿ ಕೂತ್ಕೊಂಡೆ ನೋಡು, ಶುರುವಾಯ್ತು. "ನಿಮ್ಮ ಜೊತೆ ಹಗಲೆಲ್ಲ ಇರೋಕೆ ನನ್ನಿಂದ ಆಗಲ್ಲ." ಕೇಳಿದ್ಯಾ ಮಾತು? "ತಂಗಿ ಮನೆ ಮಹಡಿ ಮೇಲೆ ಒಂದು ರೂಮಿದೆ, ಅಲ್ಲಿ ಮಕ್ಕಳಿಗೆ ಚಿತ್ರ ಹೇಳ್ಕೊಡ್ತೀನಿ, ಒಬ್ಬಳೇ ಇರ್ತೀನಿ." ಒಬ್ಬಳೇ! ಬ್ಯಾಂಕಿಗೆ ಹೋಗಿ ಒಂದು ಚಲನ್ ತುಂಬೋಕೆ ಬರಲ್ಲ, ಒಬ್ಬಳೇ ಇರ್ತಾಳಂತೆ!

ಬಟ್ಟೆ ತುಂಬ್ಕೊಂಡು, ಸೂಟ್‌ಕೇಸ್ ಎಳ್ಕೊಂಡು, ಇದೇ ಹಾಲ್‌ನಲ್ಲಿ ಬಂದು ನಿಂತಳು. ನೀನು ನಿಂತಿದೀಯಲ್ಲ, ಅಲ್ಲೇ. ನಾನು ಕೂಗಾಡಲಿಲ್ಲ. ನಾನು ಕೂಗಾಡೋ ಜಾತಿಯೋನಲ್ಲ. ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಕೂರಿಸಿ...

ಬುದ್ಧಿ ಹೇಳಿದೆ. ಅಷ್ಟೇ. ಆಮೇಲೆ ಕಳಿಸಿಕೊಟ್ಟೆ. ನಾನೇನು ರಾಕ್ಷಸನಾ?

ಸರಿ, ಆಯ್ತಾ ನಿನ್ನ ಅಳತೆ? ತೋರಿಸು... ಮಿತಿ ದಾಟಿದೆಯಾ? ಕಿಟಕಿ ಮುಚ್ಚಿದ್ರೂ ದಾಟಿದೆಯಾ? ದಾಟ್ಲಿ ಬಿಡು! ಕೆಲಸ ಅಂದ್ಮೇಲೆ ಸದ್ದಿರುತ್ತೆ. ಈ ಮನೇಲಿರೋನು ನಾನು, ನನಗೆ ತೊಂದರೆ ಇಲ್ಲ. ನಾನೇ ಹೋಗಿ ಆ ಯಂತ್ರದೋನಿಗೆ ಹೇಳಿ ಬಂದೆ, ಎಷ್ಟು ಹೊತ್ತು ಬೇಕಾದ್ರೂ ಓಡಿಸಪ್ಪ, ನಮ್ಮ ಕಡೆಯಿಂದ ತಕರಾರಿಲ್ಲ ಅಂತ. ಅವನು ಬಾಯಿ ಬಿಟ್ಕೊಂಡು ನೋಡ್ದ! ಎಲ್ಲರ ಹತ್ರ ಬೈಸ್ಕೊಂಡು ಅಭ್ಯಾಸ ಅವನಿಗೆ. ಕೆಲಸ ಬರಲ್ಲ ಬಿಡು ಅವನಿಗೂ. ನಮ್ಮ ಕಾಲದ ಮೇಸ್ತ್ರಿಗಳಾಗಿದ್ರೆ ಇಷ್ಟು ಹೊತ್ತಿಗೆ ಈ ಬೀದಿ ದಾಟಿ ಕೆರೆ ಹತ್ರ ಇರ್ತಿದ್ರು. ಇವನು ಇನ್ನೂ ನಮ್ಮ ಮನೆ ಮುಂದೆಯೇ ಬಂಡೆ ಕೆರೀತಿದಾನೆ. ಕೆರೀಲಿ. ನಿಧಾನಕ್ಕೇ ಕೆರೀಲಿ.

ತಡೆಗೋಡೆಯಾ? ಯಂತ್ರದ ಸುತ್ತ ಸದ್ದು ತಡೆಯೋ ಪರದೆ ಕಟ್ಟಿಸ್ತೀಯಾ? ಬೇಡ. ಬೇಡ ಅಂದ್ರೆ ಬೇಡ. ನಮಗೆ ಬೇಡ ಅಂದ್ಮೇಲೆ ನಿನಗೇನು ಕಷ್ಟ? ಹೊಗಳೋರನ್ನ ಬಿಟ್ಟು ಬೈಯೋರನ್ನ ಹುಡುಕ್ಕೊಂಡು ಹೋಗ್ತೀರಲ್ಲ, ಎಂಥ ಇಲಾಖೆ ನಿಮ್ಮದು!

ಯಾರಿಗೆ ಫೋನು? ಸೈಟಿಗಾ? ನಿಲ್ಲಿಸಿ ಅಂದ್ಯಾ? ಏನು ನಿಲ್ಲಿಸಬೇಕು? ಯಂತ್ರ? ಜನರೇಟರ್ ಕೂಡಾ? ಯಾಕೆ? ಅಳೆದಾಯ್ತಲ್ಲ!

ಹಿನ್ನೆಲೆ ಸದ್ದು... ಅಂದ್ರೆ? ಯಂತ್ರ ಓಡದೆ ಇದ್ದಾಗ ಇಲ್ಲಿ ಎಷ್ಟು ಸದ್ದಿರುತ್ತೆ ಅಂತ ಬೇರೆ ಅಳೀಬೇಕಾ? ಅದು ಗೊತ್ತಾಗದೆ ಯಂತ್ರದ್ದು ಎಷ್ಟು ಅಂತ ಹೇಳೋಕಾಗಲ್ವಾ? ಅಯ್ಯೋ, ಅದನ್ನ ನಾನೇ ಹೇಳ್ತೀನಿ ಬರ್ಕೋ. ಏನೂ ಇರಲ್ಲ. ಸೊನ್ನೆ. ಮಸಣ ಇದ್ದಂಗಿರುತ್ತೆ. ಸುಮ್ನೆ ಯಾಕೆ ಯಂತ್ರ ನಿಲ್ಲಿಸ್ತೀಯ? ಒಂದ್ಸಲ ನಿಲ್ಲಿಸಿದ್ರೆ ಆ ಸೋಮಾರಿಗಳು ಮತ್ತೆ ಶುರು ಮಾಡ್ತಾರಾ?

ನಾಳೆ ಬಾ. ನಾಳೆ ಬಂದು ನಿಧಾನವಾಗಿ ಅಳ್ಕೋ. ಇವತ್ತು ನನಗೆ ಹೊರಗೆ ಕೆಲಸ ಇದೆ. ಏನು ಕೆಲಸ ಅಂದ್ರೆ... ಇದೆ! ನಿನಗೆಲ್ಲ ಒಪ್ಪಿಸಬೇಕಾ?

ಊಟದ ಹೊತ್ತಿಗೆ ಅವರೇ ನಿಲ್ಲಿಸ್ತಾರೆ, ಹೌದು. ಆಗ ನಾನು ಟೀವಿ ಹಾಕ್ಕೋತೀನಿ. ಜೋರಾಗಿ ಹಾಕ್ತೀನಾ? ಯಾರು ಹೇಳಿದ್ದು? ಆ ಟೈಲರಮ್ಮನ ಮನೆಗೂ ಹೋಗಿ ಬಂದ್ಯಾ ನೀನು? ಮೊದಲು ಅಲ್ಲಿಗೆ ಹೋಗಿ, ಆಮೇಲೆ ಇಲ್ಲಿಗೆ ಬಂದ್ಯಾ! ತಾನು ಫೋನ್ ಮಾಡಿಲ್ಲ ಅಂದಳಾ? ಅನ್ನದೆ ಏನು ಮಾಡ್ತಾಳೆ, ಒಪ್ಕೋತಾಳಾ?

ನಿಂತ್ಹೋಯ್ತು.

ಯಂತ್ರ ನಿಂತ್ಹೋಯ್ತು ನೋಡು. ನಿನ್ನ ಮಾತಿಗೆ ಎಷ್ಟು ಬೆಲೆ! ನಾವು ಬಾಯಿ ಬಡ್ಕೊಂಡ್ರೂ ನಿಲ್ಲಿಸದೋರು...

ಏನು? ಮಾತಾಡಬಾರ್ದಾ? ನನ್ನ ಮನೇಲಿ ನಾನು ಮಾತಾಡಬಾರ್ದಾ? ಬಾಯಿ ಮೇಲೆ ಬೆರಳಿಟ್ಟು ತೋರಿಸ್ತೀಯಲ್ಲಮ್ಮ, ನಾನೇನು ಬಾಲವಾಡಿ ಮಗೂನಾ? ಅಳತೆ ಕೆಡುತ್ತೆ ಅಂದ್ರೆ ಕೆಡ್ಲಿ. ಮನೆ ಅಂದ್ಮೇಲೆ ಮಾತಿರುತ್ತೆ. ಫ್ಯಾನ್ ಇರುತ್ತೆ. ಇದೋ, ಫ್ಯಾನ್ ಹಾಕ್ತೀನಿ. ಯಾಕೆ ಆರಿಸ್ದೆ? ಸೆಕೆ ನನಗೆ! ಟೀವಿನಾದ್ರೂ ಹಾಕ್ತೀನಿ, ವಾರ್ತೆ ಹೊತ್ತು... ರಿಮೋಟ್ ಕೊಡು. ಕೊಡಮ್ಮ ಇಲ್ಲಿ. ಒಂದು ಅಳತೆಗೆ ಇಷ್ಟೆಲ್ಲ ನಾಟಕ! ನಮ್ಮ ಇಲಾಖೇಲಾಗಿದ್ರೆ ನಿನ್ನನ್ನ ಒಂದು ದಿನ ಇಟ್ಕೋತಿರಲಿಲ್ಲ, ಗೊತ್ತಾ? ಹಿರಿಯರ ಎದುರು ಹೇಗೆ...

ಅದಾ? ಅದು ಪೈಪು.

ನೀರಿನ ಪೈಪು. ಹಳೇ ಮನೆ ಇದು. ಪೈಪಲ್ಲಿ ಗಾಳಿ ಸೇರ್ಕೊಂಡ್ರೆ ಹೀಗೆ ಬಡೀತಿರುತ್ತೆ, ಟಕ್, ಟಕ್, ಟಕ್ ಅಂತ. ನನಗೆ ಹೇಳ್ಕೊಡ್ತೀಯಾ ಪೈಪಿನ ವಿಷಯ? ಹೊರಗೆ ಬೀದಿ ಅಗೀತಿದಾರೆ, ಒತ್ತಡ ಹೆಚ್ಚುಕಮ್ಮಿ ಆಗುತ್ತೆ, ಬಡ್ಕೊಳ್ಳುತ್ತೆ. ಸಹಜ. ತುಂಬ ಸಹಜ.

ಅತ್ತ ಯಾಕೆ ತಿರುಗಿಸ್ದೆ ಮೀಟರು? ಅತ್ತ ಹಿಂದಿನ ರೂಮು, ಉಗ್ರಾಣ. ಹಳೇ ಸಾಮಾನು, ಧೂಳು. ಬೀದಿ ಇರೋದು ಇತ್ತ ಕಡೆ. ಇತ್ತ ತಿರುಗಿಸು! ಅದು... ಅದು ಬರೀ ಅಂಕಿ ತೋರಿಸುತ್ತೋ, ಸದ್ದೂ ಹಿಡ್ಕೊಳ್ಳುತ್ತೋ? ಹಿಡ್ಕೊಳ್ಳುತ್ತಾ? ನಾನು ಮಾತಾಡಿದ್ದೂ? ಎಲ್ಲಾನೂ?

ಪೈಪು ನಿಂತು ನಿಂತು ಯಾಕೆ ಬಡ್ಕೊಳ್ಳುತ್ತೆ ಅಂತ ಯೋಚಿಸ್ತಿದೀಯ ಅಲ್ವಾ? ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಗಾಳಿ ಗುಳ್ಳೆಗುಳ್ಳೆಯಾಗಿ ಬರುತ್ತೆ, ಅದಕ್ಕೆ. ಸ್ವಲ್ಪ ಇರು, ನಾನು ಹೋಗಿ... ಇಲ್ಲ, ನೀನು ಬರಬೇಡ. ಅಲ್ಲೇ ನಿಲ್ಲು. ಇಲ್ಲಿಂದಲೇ ಸರಿ ಮಾಡ್ತೀನಿ.

ಏಯ್! ಸುಮ್ನಿರು!

...

ನೋಡಿದ್ಯಾ? ನಿಂತ್ಹೋಯ್ತು. ಅದು ಹಾಗೇನೇ. ನಾನು ಒಂದ್ಸಲ ಗದರಿದ್ರೆ ಸಾಕು, ನಿಂತ್ಹೋಗುತ್ತೆ.

ಪೈಪು.

ಯಾಕೆ ಹಾಗೆ ನೋಡ್ತೀಯ? ಪೈಪು ಅಂದೆ. ಗದರಿದ್ದು ನಾನು... ಟೈಲರಮ್ಮನಿಗೆ. ಗೋಡೆ ಆಚೆ ನಿಂತು ಬಡೀತಾ ಇರ್ತಾಳೆ. ಅಲ್ಲ, ಪೈಪೇ. ಪೈಪೂ ಬಡ್ಕೊಳ್ಳುತ್ತೆ, ಅವಳೂ... ನೀನು ನನ್ನನ್ನ ಗೊಂದಲ ಮಾಡ್ತಿದೀಯ! ಒಂದು ಮಾತೂ ಆಡದೆ, ಕಂಬದ ಹಾಗೆ ನಿಂತ್ಕೊಂಡು!

ಎಲ್ಲಿಗೆ? ಮೇಡಂ, ಅಲ್ಲಿಗೆ ಹೋಗಬೇಡಿ. ಅದು ಖಾಸಗಿ ರೂಮು. ನಿಮಗೆ ಅಧಿಕಾರ ಇಲ್ಲ ಮೇಡಂ, ಸದ್ದು ಅಳೆಯೋಕೆ ಮಾತ್ರ ನಿಮಗೆ... ಮೇಡಂ, ಸ್ವಲ್ಪ ಕೂತ್ಕೊಳ್ಳಿ. ಕಾಫಿ ಮಾಡ್ತೀನಿ. ಬಂದಾಗಿನಿಂದ ಒಂದು ಲೋಟ ನೀರೂ ಕೊಡಲಿಲ್ಲ ನಾನು, ನೋಡಿ, ಎಂಥ ಮರೆವು.

ಚಿಲಕ... ಹೊರಗಡೆಯಿಂದ ಹಾಕಿರೋದು ಗಾಳಿಗೆ ಬಾಗಿಲು ಬಡ್ಕೊಳ್ಳುತ್ತೆ ಅಂತ. ಬೀಗಾನೂ ಅದಕ್ಕೇನೇ. ಅನ್ನದ ತಟ್ಟೆ... ಅದು ಬಾಗಿಲ ಹತ್ರ ಯಾಕಿದೆ ಅಂದ್ರೆ... ಬೆಕ್ಕಿಗೆ. ಬೆಕ್ಕಿಗೆ ಇಟ್ಟಿದ್ದು.

ಮೇಡಂ? ಏನಾದ್ರೂ ಹೇಳಿ. ಬೈಯ್ರಿ ಬೇಕಾದ್ರೆ. ಯಾರಿಗಾದ್ರೂ ಫೋನ್ ಮಾಡೋದಿದ್ರೆ ಮಾಡಿ, ಆದ್ರೆ ಮಾತಾಡಿ. ಬುದ್ಧಿ ಬರ್ಲಿ ಅಂತ ಮಾಡಿದ್ದು, ಯಾವ ಗಂಡನಾದ್ರೂ ಮಾಡೋದೇ... ಫೋನೊಂದು ಕಿತ್ಕೊಂಡೆ, ಅದೂ ಯಾರಿಗೋ ಮಾತಾಡ್ತಿದ್ಲು ಅಂತ... ಊಟ ಕೊಡ್ತೀನಿ, ಹೊತ್ತುಹೊತ್ತಿಗೆ ಕೊಡ್ತೀನಿ, ಕೇಳಿ ಬೇಕಾದ್ರೆ...

ಬೇಡ, ಕೇಳಬೇಡಿ. ನೀವೇ ಮಾತಾಡಿ. ಏನಾದ್ರೂ ಸದ್ದು ಮಾಡಿ ಮೇಡಂ, ಕೈಮುಗೀತೀನಿ! ಹೀಗೆ ಸುಮ್ನೆ ನಿಂತ್ಕೊಂಡ್ರೆ, ನಾನು ಮನೇಲಿಲ್ಲ ಅಂದ್ಕೊಂಡು ಅವಳು ಮತ್ತೆ ಬಾಗಿಲು ಬಡಿಯೋಕೆ ಶುರು ಮಾಡ್ತಾಳೆ.