ಬಣವೆಯ ಮೇಲಿನ ಫ್ಲೆಕ್ಸ್

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಮುಸರತ್‌ಳ ಕಿವಿ, ಪಕ್ಕದಲ್ಲಿ ಕುಳಿತ ಇಬ್ಬರು ಹೆಂಗಸರ ಮಾತಿನತ್ತ ತಾನಾಗಿಯೇ ಹೊರಳಿತು.

“ಬೀರೇಶಗ ಶಿಕ್ಷಾ ಆತಂತಲ್ಲ, ದೇವಕ್ಕ?” ಎಂದಳು ಕಿರಿಯವಳು.

“ಆತವಾ ಸವಿತಾ. ಮಿಲಿಟರಿ ಕೋರ್ಟಿನಾಗ ಹತ್ತು ವರ್ಷ. ನಮ್ಮ ಸೈನ್ಯದ ನಕಾಶಿ ವೈರಿಗಳಿಗೆ ಕಳಸಾಕ ಹೋಗಿ ಸಿಕ್ಕಬಿದ್ದಾನ.”

“ಯಾಕ ಮಾಡಿದ್ನಂತ?”

“ಯಾರಿಗೆ ಗೊತ್ತು? ಅವರವ್ವಗೂ ಹೇಳಿಲ್ಲ.”

“ಅವ ಮಿಲಿಟರಿ ಸೇರಿದಾಗ ಊರ ಅಗಸಿ ಬಾಗಲಿಗೆ ಅವನ ಫೋಟೋದ ಫ್ಲೆಕ್ಸ್ ಕಟ್ಟಿದ್ವಲ್ಲ, ಅದೇನಾತು?”

“ಹುಡುಗರು ಸುಡಾಕ ನಿಂತಿದ್ರು. ಅವರವ್ವ ಬೇಡಿ ಇಸಗೊಂಡ್ಲು. ಈಗ ತಾಡಪತ್ರಿ ಬದ್ಲಿ ಬಣವಿ ಮ್ಯಾಲ ಹೊಚ್ಚ್ಯಾಳ.”

“ಮಗನ ಮಾರಿ ಕಾಣೂ ಹಂಗ?”

“ಇಲ್ಲ, ಮಾರಿ ಒಳಗ ಮಾಡಿ.”

“ಪಾಪ, ಹೆತ್ತಾಕಿಗೆ ನಾಚಿಕಿ ಇರೂದಿಲ್ಲೇನು!”

“ನಾನೂ ಹಂಗ ತಿಳ್ಕೊಂಡು, ‘ಚಲೋ ಮಾಡಿದಿ ಬಿಡು’ ಅಂದೆ. ಆಕಿ ನನ್ನ ಮಾರಿ ನೋಡಿದ್ಲು.”

ನವಲಗುಂದ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಓಡಿದರು. ತನ್ನ ಬಸ್ಸಲ್ಲದಿದ್ದರೂ ಮುಸರತ್ ಅವರ ಹಿಂದೆಯೇ ಬಾಗಿಲತನಕ ಹೋಗಿದ್ದಳು.

“ಏನಂದ್ಲು?” ಮೆಟ್ಟಿಲೇರುತ್ತ ಸವಿತಾ ಕೇಳಿದಳು.

“ಹತ್ತು ವರ್ಷದ ಬಿಸಲಿಗೆ ಬಣ್ಣ ಹೋಗತೈತಿ ದೇವಕ್ಕ, ಅಂದ್ಲು.”