ಅಂಗೈ ಎಳೆದ ನಲ್ಲಿ

ಸಣ್ಣದೊಂದು ಪಟ್ಟಣ. ಅಲ್ಲಿ ಒಬ್ಬ ಪುರಸಭೆ ಸದಸ್ಯೆ. ಹೆಸರು ಕಸ್ತೂರಿ ಎಂದಿಟ್ಟುಕೊಳ್ಳೋಣ. ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕೆಟ್ಟವರ ಕಥೆ ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ. ಇದು ಒಳ್ಳೆಯವಳ ಕಥೆ. ಆದ್ದರಿಂದ ನಮ್ಮ ಕಥೆ.

ಆಕೆಯ ವಾರ್ಡಿನಲ್ಲಿ ಒಂದು ಉದ್ದನೆಯ ಓಣಿ. ನೀರಿನ ಟ್ಯಾಂಕಿನ ಹತ್ತಿರದ ತುದಿಯಲ್ಲಿ ಕಸ್ತೂರಿಯ ಮನೆ, ದಿಬ್ಬದ ಮೇಲಿನ ಕೊನೆಯಲ್ಲಿ ದ್ಯಾಮವ್ವನ ಮನೆ. ವಾರಕ್ಕೊಮ್ಮೆ ಬೆಳಿಗ್ಗೆ ನೀರು ಬಿಡುವ ಊರು ಅದು. ಮೊದಲ ಮನೆಗಳ ತೊಟ್ಟಿ ತುಂಬಿ ಹರಿಯುತ್ತಿತ್ತು. ದ್ಯಾಮವ್ವನ ಕೊಡದ ತಳ ಒದ್ದೆಯಾಗುತ್ತಿರಲಿಲ್ಲ. ಚುನಾವಣೆಯ ಸಮಯದಲ್ಲಿ ಕಸ್ತೂರಿ ಆ ಮನೆಯ ಹೊಸ್ತಿಲಲ್ಲಿ ನಿಂತು ಮಾತು ಕೊಟ್ಟಿದ್ದಳು: "ಯವ್ವಾ, ನಿನ್ನ ನಳಕ್ಕ ನೀರ ಬರಲಿಲ್ಲಂದ್ರ ನಾ ಮತ್ತ ಓಟ ಕೇಳಾಕ ಈ ಹೊಸ್ತಲಕ್ಕ ಬರಂಗಿಲ್ಲ."

ಗೆದ್ದ ಮೇಲೆ ಮರೆತಳೇ? ಇಲ್ಲ. ಸಭೆಯಲ್ಲಿ ಮೇಜು ಕುಟ್ಟಿ ಹಳೆಯ ಕೊಳವೆ ತೆಗೆಸಿ ಅಗಲವಾದ ಕೊಳವೆ ಹಾಕಿಸಿದಳು. ನೀರು ಬಿಡುವ ಹೊತ್ತನ್ನೂ ಹೆಚ್ಚಿಸಿದಳು. ಮೊದಲ ಮನೆಗಳವರು ತೊಟ್ಟಿಯ ಜೊತೆ ಬೈಕು, ಅಂಗಳ, ಎಮ್ಮೆ ಎಲ್ಲವನ್ನೂ ತೊಳೆದರು. ಕೊನೆಯ ನಲ್ಲಿ ಒಣಗಿಯೇ ಇತ್ತು. ಇನ್ನೊಂದು ಚುನಾವಣೆ ಹತ್ತಿರ ಬಂತು.

ಒಂದು ಬೆಳಿಗ್ಗೆ, ನೀರು ಬಿಟ್ಟ ಹೊತ್ತಿಗೆ ಸರಿಯಾಗಿ, ಆಕೆ ತಾನೇ ದಿಬ್ಬ ಹತ್ತಿ ಹೋದಳು. ದ್ಯಾಮವ್ವ ಎದ್ದು ಬರಲಿಲ್ಲ, ಕೂತಲ್ಲಿಂದಲೇ ಕರೆದಳು.

"ಬರ್ರಿ ಮೆಂಬರ್. ನೀರ ಕುಡೀರಿ ಅನ್ನಾಕ ನೀರಿಲ್ಲ. ಇಲ್ಲೆ ನಳದ ಬಾಯಿಗೆ ಅಂಗೈ ಇಡ್ರಿ."

ಕಸ್ತೂರಿ ಇಟ್ಟಳು. ನೋಡಿ, ನಲ್ಲಿ ನೀರು ಕೊಡಬೇಕು, ಅಲ್ಲವೇ? ಆ ನಲ್ಲಿ ಆಕೆಯ ಅಂಗೈಯನ್ನೇ ಒಳಗೆ ಎಳೆಯಿತು. ಕೂಸು ಮೊಲೆ ಚೀಪಿದಂತೆ ಎಳೆಯಿತು. ಆಕೆ ಬೆಚ್ಚಿ ಕೈ ಕಿತ್ತುಕೊಂಡಳು. ಅಂಗೈಯ ನಡುವೆ ಕೆಂಪು ಬಳೆಯಂತೆ ಗುರುತು ಮೂಡಿತ್ತು.

"ಕೊಡೂದಂತೂ ಇಲ್ಲ, ನಮ್ಮ ಉಸರನ್ನ ಎಳಕೊಂಡ ಹೊಂಟೈತಿ," ಎಂದಳು ದ್ಯಾಮವ್ವ.

ಅಷ್ಟರಲ್ಲಿ ಕರೆಂಟು ಹೋಯಿತು. ಕೂಡಲೇ ಕೊನೆಯ ಮನೆಗಳ ಹೆಂಗಸರೆಲ್ಲ ಹೋ ಎಂದು ಕೂಗುತ್ತ ಹೊರಗೆ ಬಂದರು. "ಕರೆಂಟ್ ಹೋತು! ಕೊಡಾ ತರ್ರೀ, ಕೊಡಾ!" ನಲ್ಲಿ ಎರಡು ಸಲ ಕೆಮ್ಮಿತು; ಮರುಕ್ಷಣ ನೀರು ಧುಮುಕಿತು. ದ್ಯಾಮವ್ವ ಕೊಡ ಹಿಡಿದು ಆಕಾಶ ನೋಡಿ ಬೇಡಿಕೊಂಡಳು: "ಇನ್ನೊಂದೀಟ ಹೊತ್ತು ಬರಬ್ಯಾಡಪಾ, ಕರೆಂಟ!"

ಬೆಳಕು ಬರಲಿ ಎಂದು ಬೇಡುವವರನ್ನು ನೀವು ನೋಡಿದ್ದೀರಿ. ಬರಬೇಡ ಎಂದು ಬೇಡುವವರನ್ನು ನೋಡಿದ್ದೀರಾ? ಕಸ್ತೂರಿ ಕಣ್ಣು ಬಿಟ್ಟುಕೊಂಡು ನಿಂತಳು. ಆಗ ಆಕೆಯ ಫೋನು ಬಡಿದುಕೊಂಡಿತು. ಮನೆಯಿಂದ ಅತ್ತೆ.

"ಕಸ್ತೂರಿ, ಕರೆಂಟ್ ಹೋಗೇತಿ! ಮೋಟಾರ ಬಂದ್ ಆತು, ಮ್ಯಾಲಿನ ಟಾಕಿ ಅರ್ಧಾ ಸೈತ ತುಂಬಿಲ್ಲ. ಮೆಂಬರ್ ಆಗಿ ಏನ ಕಿಸದೀ? ಲೈನ್‌ಮನ್‌ಗ ಒಂದ ಫೋನ್ ಹಚ್ಚ!"

ಕಸ್ತೂರಿ ತನ್ನ ಅಂಗೈ ನೋಡಿಕೊಂಡಳು. ಕೆಂಪು ಗುರುತು ಇನ್ನೂ ಮಾಸಿರಲಿಲ್ಲ. ಅದನ್ನು ಮೂಡಿಸಿದ ಯಂತ್ರಗಳಲ್ಲೊಂದು ತನ್ನ ಹಿತ್ತಲಲ್ಲಿ, ಬೋರಲು ಹಾಕಿದ ಬಕೀಟಿನ ಕೆಳಗೆ ಕೂತಿತ್ತು. ಪುರಸಭೆಯ ಕೊಳವೆಗೇ ಜೋಡಿಸಿದ ಮೋಟಾರು! ಒಲೆ ಹೊತ್ತಿಸಿದಷ್ಟು ಸಹಜವಾಗಿ ಅತ್ತೆ ಅದರ ಸ್ವಿಚ್ಚು ಹಾಕುವುದನ್ನು ಆಕೆ ಪ್ರತಿ ಸಲವೂ ಕಂಡಿದ್ದಳು. ಅದನ್ನು ಮನೆಯ ಸಾಮಾನು ಎಂದುಕೊಂಡಿದ್ದಳೇ ಹೊರತು ಪರರ ಪಾಲು ಕಸಿಯುವ ಕೈ ಎಂದು ಎಂದೂ ಎಣಿಸಿರಲಿಲ್ಲ. ಕೊಳವೆ ಅಗಲವಾದಷ್ಟೂ ಅದಕ್ಕೆ ಎಳೆಯಲು ಅನುಕೂಲವಾಯಿತು, ಅಷ್ಟೇ.

ಮನೆಗೆ ಬಂದವಳೇ ಪಾನಾ ಹಿಡಿದು ನಟ್ಟು ಸಡಿಲಿಸತೊಡಗಿದಳು. ಅತ್ತೆ ಅಡ್ಡ ಬಂದರು.

"ಓಣಿ ತುಂಬ ಹಚ್ಯಾರ. ನಾವೊಬ್ರ ತಗದ್ರ ಏನಾಕ್ಕೈತಿ?"

"ಉಳದವ್ರದು ತಗಸಾಕ ನನಗ ಬಾಯಿ ಬರ್ತೈತ್ರಿ, ಅತ್ತಿ."

ಮರುದಿನ ಆಕೆ ಹೇಳಿದಂತೆ ಪುರಸಭೆಯ ಸಿಬ್ಬಂದಿ ಓಣಿಯ ಮೋಟಾರುಗಳನ್ನು ಕಿತ್ತು ಹೇರಲು ತಳ್ಳುಗಾಡಿ ತಂದರು. ಅವರ ರೂಢಿ ನಿಮಗೂ ಗೊತ್ತು: ಕ್ರಮ ಎಂದರೆ ಬಡವರ ತುದಿಯಿಂದ ಆರಂಭ. ಗಾಡಿ ದಿಬ್ಬದ ಕಡೆ ಹೊರಳಿತು. "ಅತ್ಲಾಗ ಅಲ್ಲ, ಇತ್ಲಾಗಿಂದ," ಎಂದು ಕಸ್ತೂರಿ ತಡೆದಳು. ಎದುರುಮನೆಯ ನಿವೃತ್ತ ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು.

"ಏನವಾ, ನಮ್ಮ ಓಟ ಬ್ಯಾಡಾಗ್ಯಾವೇನ ನಿನಗ? ಮದ್ಲ ನಿಮ್ಮ ಮನೀದು ತಗಸು."

"ತಗದೇನ್ರಿ, ಸರ. ಗಾಡ್ಯಾಗ ನೋಡ್ರಿ, ನಮ್ಮದ ಐತಿ. ಓಟ ಬೇಕ್ರಿ. ಆದ್ರ ದಿಬ್ಬದವ್ರ ನೀರ ಕೊಟ್ಟು ನಿಮ್ಮ ಓಟ ಕೊಳ್ಳಾಕ ನಾ ಯಾರು?"

ಮಾಸ್ತರರು ಗಾಡಿಯನ್ನು ನೋಡಿದರು. ಗೊಣಗಿದರು. ಆಮೇಲೆ ಪಕ್ಕಕ್ಕೆ ಸರಿದರು.

ಮುಂದಿನ ವಾರ ಕರೆಂಟು ಇತ್ತು, ದ್ಯಾಮವ್ವನ ನಲ್ಲಿಯಲ್ಲಿ ನೀರೂ ಇತ್ತು. ಸಣ್ಣ ಧಾರೆ, ಆದರೆ ಕಡಿಯದ ಧಾರೆ. ಕಸ್ತೂರಿಯ ಮನೆಯಲ್ಲೂ ಅಷ್ಟೇ ಸಣ್ಣದು. ಅತ್ತೆ ಬೈಯುತ್ತಲೇ ಕೊಡ ಹೊತ್ತರು. ಚುನಾವಣೆಯಲ್ಲಿ ಆಕೆ ಗೆದ್ದಳೇ ಎಂದು ಕೇಳುತ್ತೀರಿ. ಮೊದಲ ಮನೆಗಳ ಸಿಟ್ಟು ಸಣ್ಣದಲ್ಲ. ಗೆದ್ದಳೋ ಸೋತಳೋ ನಾನು ಹೇಳುವುದಿಲ್ಲ. ಆಕೆ ದ್ಯಾಮವ್ವನ ಹೊಸ್ತಿಲಿಗೆ ಹೋಗಿ ತಲೆ ಎತ್ತಿ ಓಟು ಕೇಳಿದಳು. ಅಷ್ಟು ಹೇಳುತ್ತೇನೆ.

ಈಗ ನಿಮ್ಮ ಮಾತು. ಊರ ಸೇವೆ ಮಾಡಬೇಕು ಎನ್ನುತ್ತೀರಿ. ಕೆಲವರು ಚುನಾವಣೆಗೆ ನಿಲ್ಲುತ್ತೀರಿ, ಕೆಲವರು ನಿಲ್ಲಿಸುತ್ತೀರಿ, ಉಳಿದವರು ನಿಂತವರನ್ನು ಬೈಯುತ್ತೀರಿ. ಎಲ್ಲರ ಹಿತ್ತಲಲ್ಲೂ ಬೋರಲು ಹಾಕಿದ ಬಕೀಟೊಂದಿದೆ. ಅಂಗಡಿಯವರೇ, ನೀವು ಚರಂಡಿಯ ಮೇಲೆ ಹಾಸಿದ ಕಲ್ಲು ಯಾರ ಮನೆಗೆ ಕೊಳಚೆ ನುಗ್ಗಿಸುತ್ತಿದೆ? ತಾಯಂದಿರೇ, ನಿಮ್ಮ ಅಂಗಳದಿಂದ ಗುಡಿಸಿದ ಕಸ ಯಾರ ಬಾಗಿಲಲ್ಲಿ ಕೂತಿದೆ? ಪರರದ್ದನ್ನು ತೆಗೆಸುವ ಮೊದಲು ನಮ್ಮದನ್ನು ತೆಗೆಯಬೇಕು. ಇಂದೇ ತೆಗೆಯಬೇಕು. ನಮ್ಮ ಕೈಯಿಂದಲೇ ತೆಗೆಯಬೇಕು.

ನಾಳೆ ಬೆಳಿಗ್ಗೆ ನಿಮ್ಮ ಓಣಿಯಲ್ಲೂ ನೀರು ಬಿಡುತ್ತಾರೆ. ನಿಮ್ಮ ತೊಟ್ಟಿಯ ಬಳಿ ನಿಲ್ಲಬೇಡಿ. ಕೊನೆಯ ಮನೆಯವರೆಗೆ ನಡೆದು ಹೋಗಿ, ಆ ನಲ್ಲಿಯ ಬಾಯಿಗೆ ಅಂಗೈ ಇಡಿ. ಕೈ ಒದ್ದೆಯಾದರೆ ಕೈಮುಗಿದು ಬನ್ನಿ. ಕೈಯನ್ನೇ ಎಳೆದರೆ, ನೇರ ಮನೆಗೆ ಬಂದು ಬಕೀಟು ಎತ್ತಿ.