ಕೋನಪ್ಪನ ಕುದುರೆ ತೊಟ್ಟಿ

ನಗಬೇಡಿ. ನಗೋರು ಎದ್ದು ಹೋಗಿ ಮಲಗಿ. ಇದು ನಮ್ಮ ಪಕ್ಕದ ಮನೆ ಮುನೇಶನಿಗೆ ಹೋದ ವರ್ಷ ಆದದ್ದು.

ಕುಡುಮಲಕುಂಟೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ನಡೆದು ಬರುತ್ತಿದ್ದ. ದಾರಿಯಲ್ಲಿ ಹಳೇ ಬಾವಿ. ಅದರ ಪಕ್ಕ ಒಂದು ಕಲ್ಲುತೊಟ್ಟಿ ಇತ್ತು, ಅವನ ಮುತ್ತಾತ ಕೋನಪ್ಪ ಇಡಿಸಿದ್ದು. ಕೋನಪ್ಪ ಕುದುರೆ ಪಡೆಯ ಸವಾರ. ಮೊದಲನೇ ಮಹಾಯುದ್ಧಕ್ಕೆ ಹಡಗು ಹತ್ತಿ ಹೋಗಿ ಮರಳುಗಾಡಿನಲ್ಲಿ ಕಾದಾಡಿದವನು. ಕುದುರೆಗೆ ಕುಡಿಸದೆ ಸವಾರ ಬಾಯಿಗೆ ಹನಿ ನೀರು ಹಾಕಬಾರದು, ಅದು ಅವರ ಕಟ್ಟುಪಾಡು. ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಕುದುರೆಗೆ ಜಾಗವಿಲ್ಲ ಅಂದರಂತೆ ಸಾಹೇಬರು. ಅವನ ಕೈಯಲ್ಲೇ ಅದಕ್ಕೆ ಗುಂಡು ಹೊಡೆಸಿದರಂತೆ. ಊರಿಗೆ ಬಂದವನು ಸಾಯೋವರೆಗೂ ದಿನಾ ಆ ತೊಟ್ಟಿ ತುಂಬಿಸಿಯೇ ತಾನು ನೀರು ಕುಡಿದ. ಆಮೇಲೆ ಮನೆಯವರೂ ತುಂಬಿಸುತ್ತಿದ್ದರು.

ಅಂಥ ತೊಟ್ಟಿಯನ್ನು ಮುನೇಶನ ದಾಯಾದಿ ರಮೇಶ್‌ಬಾಬು ಯಾವುದೋ ರೆಸಾರ್ಟಿಗೆ ಮಾರಿದ. ಹೂವಿನ ಗಿಡ ನೆಡೋಕಂತೆ. ಇದೇ ಮನುಷ್ಯ ಆಗಸ್ಟ್ ಹದಿನೈದಕ್ಕೆ ಕೋನಪ್ಪನ ಫೋಟೋ ಹಾಕಿಸಿ ‘ವೀರಯೋಧರ ವಂಶ’ ಅಂತ ಫ್ಲೆಕ್ಸ್ ಕಟ್ಟಿಸಿದ್ದ. ನೋಡಿ ನನಗೆ ಮೈಯೆಲ್ಲ ಉರಿದುಹೋಗಿತ್ತು.

ತೊಟ್ಟಿ ಹೋದ ದಿನ ರಾತ್ರಿ... ಮುನೇಶನ ಹಿಂದೆ ಟಕ್... ಟಕ್... ಕಲ್ಲಿನ ಮೇಲೆ ಲಾಳದ ಸದ್ದು. ಬುರ್‍ರ್ ಅಂತ ಮೂಗಿನ ಉಸಿರು. ತಿರುಗಿದರೆ ಕುದುರೆ ಇಲ್ಲ. ಬಾವಿ ಕಟ್ಟೆ ಮೇಲೆ ಒಬ್ಬ ಮುದುಕ ಕೂತಿದ್ದ.

“ನೀರೈತೇನಪ್ಪ?”

“ಐತೆ ತಾತ.”

ಮುನೇಶ ಬಾಟಲಿ ತೆಗೆದ. ಮಧ್ಯಾಹ್ನ ತುಂಬಿದ ನೀರು, ವಾಸನೆ ಬಂದಿದೆಯೇನೋ ಅಂತ ತಾನೇ ಒಂದು ಗುಟುಕು ಕುಡಿದು ನೋಡಿದ. ಅಷ್ಟೇ ಅವನು ಮಾಡಿದ ತಪ್ಪು.

“ಕುದುರೆಗಿಂತ ಮುಂಚೆ... ನೀನ್ ಕುಡಿದ್ಯಾ?”

ಗುಟುಕು ಗಂಟಲಲ್ಲೇ ನಿಂತಿತು. ಅವತ್ತಿನಿಂದ ಹನಿ ನೀರು ಒಳಗೆ ಇಳಿಯಲಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲ ಕಡೆ ತೋರಿಸಿದ್ದಾಯಿತು. ಗಂಟಲಲ್ಲಿ ಏನೂ ಇಲ್ಲ ಅಂದರು. ಡ್ರಿಪ್ಪಿನಲ್ಲಿ ಜೀವ ಹಿಡಿದಿದ್ದ. ತುಟಿ ಬಿರಿದು ರಕ್ತ ಬರುತ್ತಿತ್ತು.

ಬಾವಿ ಹತ್ತಿರ ಆದದ್ದನ್ನು ಮಗನ ಬಾಯಲ್ಲಿ ಕೇಳಿ ಅವನ ತಾಯಿ ಅಮ್ಮಾಜಮ್ಮ ರಮೇಶ್‌ಬಾಬು ಹತ್ತಿರ ಹೋಗಿ, ತೊಟ್ಟಿ ವಾಪಸ್ ತರಿಸು ಅಂತ ಬೇಡಿಕೊಂಡಳು.

“ಮಾರಿದ್ದಾಯ್ತು, ಬಿಡು ಚಿಕ್ಕಮ್ಮ. ಈಗ ಊರಲ್ಲಿ ಯಾರು ಕುದುರೆ ಸಾಕ್ತಾರೆ?” ಅಂತ ನಕ್ಕ.

ಆ ರಾತ್ರಿ ಅಮ್ಮಾಜಮ್ಮ ಸ್ನಾನದ ಮನೆಯ ಪ್ಲಾಸ್ಟಿಕ್ ಬಕೆಟ್ ತುಂಬಿಸಿಕೊಂಡು ಬಾವಿ ಹತ್ತಿರ ಹೋದಳು. ಟಾರ್ಚ್ ಹಿಡಿದವಳು ನಾನೇ. ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. ದನಿ ಎತ್ತಲಿಲ್ಲ, ಹಲ್ಲು ಕಚ್ಚಿಕೊಂಡೇ ಅಂದಳು.

“ತಾತ, ನಿಂಗೆ ಕಣ್ಣೈತಾ? ಮಾರ್ದೋನು ಉಂಡು ತೇಗ್ತಾವ್ನೆ. ನಿಂಗೆ ನೀರು ಕೊಡೋಕ್ ಬಂದ ಮಗೀನ ಗಂಟಲು ಹಿಡ್ಕೊಂಡಿದ್ದೀಯ. ಅವತ್ತು ಆ ಸಾಹೇಬ್ರ ಮುಂದೆ ಬಾಯಿ ಬಿಡ್ಲಿಲ್ಲ, ಇವತ್ತು ನಿನ್ ಕೋಪ ಮಕ್ಕಳ ಮೇಲಾ? ಕುದುರೆಗೆ ಕುಡಿಸ್ಕೊಂಡು ಹೋಗು... ಕೇಳಬೇಕಾದೋನ್ನ ಕೇಳು.”

ಬಕೆಟ್ಟಿನಿಂದ ಸೊರ್‍ರ್... ಸೊರ್‍ರ್... ದೊಡ್ಡ ಬಾಯಿ ನೀರು ಹೀರುವ ಸದ್ದು. ನನ್ನ ಕೈಯ ಟಾರ್ಚ್ ಬಿದ್ದುಹೋಯಿತು. ಇಬ್ಬರೂ ತಿರುಗಿ ನೋಡದೆ ಮನೆಗೆ ಬಂದೆವು.

ಬೆಳಗ್ಗೆ ಮುನೇಶ ಒಂದು ಚೊಂಬು ನೀರು ಗಟಗಟ ಕುಡಿದ.

ರಾತ್ರಿ ತುಂತುರು ಬಿದ್ದು ನೆಲ ಹಸಿಯಾಗಿತ್ತು. ಬಾವಿಯಿಂದ ಗೊರಸಿನ ಗುರುತು ಹೊರಟಿತ್ತು. ನಾನೇ ಅದರ ಹಿಂದೆ ಹೋದೆ, ಇದೇ ಕಣ್ಣಿಂದ ನೋಡಿದೆ. ನೆಟ್ಟಗೆ ರಮೇಶ್‌ಬಾಬು ಮನೆ ಹೊಸ್ತಿಲವರೆಗೆ ಹೋಗಿತ್ತು.

ವಾಪಸ್ ಬಂದ ಗುರುತು ಇರಲಿಲ್ಲ.